170 ದಿನದ ಚಾಂಪಿಯನ್: ಗೆದ್ದ ಮೇಲೆ ಜಿಂದರ್ ಮಹಲ್ ಎಲ್ಲಿ ಸಿಕ್ಕಿಕೊಂಡ?

2017ರ ಏಪ್ರಿಲ್ 11ರಂದು, ಅಮೆರಿಕದ ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ವಾರದ ಟಿವಿ ಕಾರ್ಯಕ್ರಮ ಸ್ಮ್ಯಾಕ್‌ಡೌನ್‌ನಲ್ಲಿ ಜಿಂದರ್ ಮಹಲ್ ಮೋಜೋ ರಾಲಿ ಕೈಯಲ್ಲಿ ಸೋತ. ಅದೇ ವರ್ಷ ಮೇ 21ರಂದು ಅಂದಿನ ಚಾಂಪಿಯನ್ ರ‍್ಯಾಂಡಿ ಆರ್ಟನ್‌ನನ್ನು ಪಿನ್ ಮಾಡಿ (ಮೂರು ಎಣಿಸುವವರೆಗೆ ಭುಜಗಳನ್ನು ನೆಲಕ್ಕೊತ್ತಿ) ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ನಡುವೆ ಇದ್ದದ್ದು 40 ದಿನ. ನವೆಂಬರ್ 7ರಂದು ಬೆಲ್ಟ್ ಕಳೆದುಕೊಂಡ. ಆಮೇಲೆ ಆರೂವರೆ ವರ್ಷ ಅದೇ ಕಂಪನಿಯಲ್ಲಿದ್ದರೂ ಆ ಎತ್ತರದ ಹತ್ತಿರಕ್ಕೂ ಮತ್ತೆ ಬರಲಿಲ್ಲ.

ಇದಕ್ಕೆ ಅಭಿಮಾನಿಗಳು ಕೊಡುವ ಕಾರಣಗಳು ಮೂರು. ಭಾರತದ ಮಾರುಕಟ್ಟೆಗಾಗಿ ಮಾಡಿದ ನಾಟಕ ಅದು. ಆತನಿಗೆ ಕುಸ್ತಿ ಬರುತ್ತಿರಲಿಲ್ಲ. ಅಷ್ಟು ಬೇಗ ಬೆಲ್ಟ್ ಕೊಡಬಾರದಿತ್ತು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಮೂರನ್ನೂ ಕೂಡಿಸಿದರೂ ಕಥೆ ಪೂರ್ತಿಯಾಗುವುದಿಲ್ಲ. ಹಠಾತ್ತಾಗಿ ಬೆಲ್ಟ್ ಪಡೆದು ಗಟ್ಟಿಯಾಗಿ ನಿಂತವರು ಇದೇ ಕಂಪನಿಯಲ್ಲಿದ್ದಾರೆ. ಮಹಲ್‌ನನ್ನು ಕೆಡಿಸಿದ್ದು ಗೆಲುವಲ್ಲ. ಗೆದ್ದ ಮೇಲಿನ ಐದೂವರೆ ತಿಂಗಳಲ್ಲಿ ಪಂದ್ಯಗಳನ್ನು ಮುಗಿಸಿದ ರೀತಿ, ಅದಕ್ಕಿಂತ ಹೆಚ್ಚಾಗಿ ಬೆಲ್ಟ್ ಕಿತ್ತುಕೊಂಡ ದಿನ ಮತ್ತು ಜಾಗ.

ಪ್ರೊ ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಈಗ ಗುಟ್ಟೇನಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಸಂಘಟಕರು ಜೋಡಿ ಕಟ್ಟುತ್ತಾರೆ, ಅಖಾಡಕ್ಕಿಳಿದ ಮೇಲೆ ಯಾರು ಚಿತ್ ಆಗುತ್ತಾರೆ ಎಂಬುದು ಪೈಲ್ವಾನರ ಕೈಯಲ್ಲಿ. ಇಲ್ಲಿ ಜೋಡಿ ಕಟ್ಟುವವರೇ ಚಿತ್ ಆಗುವವನನ್ನೂ ಗೊತ್ತುಮಾಡುತ್ತಾರೆ. ಹಾಗಾಗಿ ಅನಿರೀಕ್ಷಿತ ಗೆಲುವು ಅನಿರೀಕ್ಷಿತವಾಗಿರುವುದು ಪ್ರೇಕ್ಷಕರಿಗೆ ಮಾತ್ರ. ಕೇಳಬೇಕಾದ ಪ್ರಶ್ನೆ ಬೇರೆ: ಜನ ಬೆಚ್ಚಿಬಿದ್ದ ಮರುವಾರ, ಮರುತಿಂಗಳು ಏನು ತೋರಿಸಬೇಕೆಂದು ಬರೆದವರಿಗೆ ಗೊತ್ತಿತ್ತೇ?

ಗೆಲುವಿಗೆ ಮುಂಚೆ

ಮಹಲ್‌ನ ನಿಜ ಹೆಸರು ಯುವರಾಜ್ ಸಿಂಗ್ ಧೇಸಿ. ಹುಟ್ಟಿದ್ದು 1986ರಲ್ಲಿ, ಕೆನಡಾದ ಕ್ಯಾಲ್ಗರಿಯ ಪಂಜಾಬಿ ಕುಟುಂಬದಲ್ಲಿ. ಅದೇ ಊರಿನ ಸ್ಟ್ಯಾಂಪೀಡ್ ರೆಸ್ಲಿಂಗ್‌ನಲ್ಲಿ ಖಳನಾಗಿ ಹೆಸರು ಮಾಡಿದ್ದ ಗಾಮಾ ಸಿಂಗ್ ಈತನ ಹತ್ತಿರದ ಬಂಧು. 2011ರಲ್ಲಿ ಗ್ರೇಟ್ ಖಲಿಯ ಜತೆಗಾರನಾಗಿ ಸ್ಮ್ಯಾಕ್‌ಡೌನ್‌ಗೆ ಬಂದ. 2012ರಲ್ಲಿ ಕಂಪನಿಯ ಹೊಸಬರ ಕಾರ್ಯಕ್ರಮ ಎನ್‌ಎಕ್ಸ್‌ಟಿಯ ಮೊದಲ ಚಾಂಪಿಯನ್‌ಗಾಗಿ ನಡೆದ ಟೂರ್ನಿಯ ಫೈನಲ್ ತಲುಪಿ ಸೆತ್ ರೋಲಿನ್ಸ್‌ಗೆ ಸೋತ. ಅಲ್ಲಿಂದ ಮುಂದೆ ಹೀತ್ ಸ್ಲೇಟರ್, ಡ್ರೂ ಮ್ಯಾಕಿಂಟೈರ್ ಜತೆ ‘3ಎಂಬಿ’ ಎಂಬ ಹಾಸ್ಯದ ತಂಡ. ಗಿಟಾರ್ ಬಾರಿಸುವಂತೆ ನಟಿಸುವುದು, ಸೋಲುವುದು, ಮುಂದಿನ ಊರಿಗೆ ಹೋಗುವುದು. 2014ರ ಜೂನ್ 12ರಂದು ಮಹಲ್ ಮತ್ತು ಮ್ಯಾಕಿಂಟೈರ್ ಇಬ್ಬರನ್ನೂ ಒಂದೇ ದಿನ ಕೆಲಸದಿಂದ ಬಿಡಿಸಲಾಯಿತು. ಈ ದಿನಾಂಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

2016ರ ಬೇಸಿಗೆಯಲ್ಲಿ ಕಂಪನಿ ತನ್ನ ಕುಸ್ತಿಪಟುಗಳನ್ನು ಎರಡಾಗಿ ಹಂಚಿ, ರಾ ಎಂಬ ಇನ್ನೊಂದು ವಾರದ ಕಾರ್ಯಕ್ರಮ ಮತ್ತು ಸ್ಮ್ಯಾಕ್‌ಡೌನ್‌ಗೆ ಬೇರೆ ಬೇರೆ ತಂಡ ಬೇಕಾದಾಗ ಮಹಲ್‌ಗೆ ಮತ್ತೆ ಕರೆ ಬಂತು. ಬಂದದ್ದು ಜಾಬರ್ ಆಗಿ. ಈ ಕಸುಬಿನಲ್ಲಿ ಜಾಬರ್ ಎಂದರೆ ಬೇರೆಯವರನ್ನು ದೊಡ್ಡವರಾಗಿ ತೋರಿಸಲು ಸೋಲುವವನು. ಈ ಅವಧಿಯಲ್ಲಿ ಆತ ಮೈ ಕಟ್ಟಿಕೊಂಡದ್ದು ಎಲ್ಲರ ಕಣ್ಣಿಗೂ ಬಿತ್ತು, ನಿಜ. ಆದರೆ ಸೋಲು ನಿಲ್ಲಲಿಲ್ಲ. 2017ರ ಏಪ್ರಿಲ್ 2ರಂದು ನಡೆದ, ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 33ರಲ್ಲಿ, ಒಬ್ಬೊಬ್ಬರನ್ನೇ ರಿಂಗಿನಿಂದ ಹೊರದಬ್ಬುವ ಆಂದ್ರೆ ದಿ ಜೈಂಟ್ ಸ್ಮಾರಕ ಬ್ಯಾಟಲ್ ರಾಯಲ್‌ನಲ್ಲಿ ಕೊನೆಯದಾಗಿ ಹೊರಬಿದ್ದವನು ಆತನೇ. ಫುಟ್‌ಬಾಲ್ ಆಟಗಾರ ರಾಬ್ ಗ್ರೊಂಕೋವ್‌ಸ್ಕಿ ಮಧ್ಯೆ ನುಗ್ಗಿ ತಳ್ಳಿದ್ದರಿಂದ ಮೋಜೋ ರಾಲಿಗೆ ಗೆಲುವು ದಕ್ಕಿತ್ತು.

ಏಪ್ರಿಲ್ 18ರಂದು ಆರು ಜನರ ಪಂದ್ಯ. ಗೆದ್ದವನಿಗೆ ಚಾಂಪಿಯನ್ ಜತೆ ಸೆಣಸುವ ಅವಕಾಶ. ಸಾಮಿ ಜೇನ್, ಡಾಲ್ಫ್ ಜಿಗ್ಲರ್, ಲ್ಯೂಕ್ ಹಾರ್ಪರ್, ಎರಿಕ್ ರೋವನ್, ಮೋಜೋ ರಾಲಿ, ಮಹಲ್. ಪಟ್ಟಿಯಲ್ಲಿ ಕೊನೆಯ ಹೆಸರಿನ ಮೇಲೆ ಯಾರೂ ಕಾಸು ಕಟ್ಟುತ್ತಿರಲಿಲ್ಲ. ಸಿಂಗ್ ಬ್ರದರ್ಸ್, ಅಂದರೆ ಸುನಿಲ್ ಮತ್ತು ಸಮೀರ್, ಮೊದಲ ಸಲ ಆತನ ಪರವಾಗಿ ಮೂಗು ತೂರಿಸಿದ್ದು ಅಲ್ಲೇ. ಮಹಲ್ ಗೆದ್ದ.

ಏಣಿಯ ಮೆಟ್ಟಿಲುಗಳು

ಒಬ್ಬನನ್ನು ಚಾಂಪಿಯನ್ ಮಟ್ಟಕ್ಕೆ ಏರಿಸುವುದಕ್ಕೆ ಈ ಕಸುಬಿನಲ್ಲಿ ಪುಶ್ ಎನ್ನುತ್ತಾರೆ. ಅದಕ್ಕೊಂದು ರೂಢಿಯ ಕ್ರಮವಿದೆ. ಮೊದಲ ಒಂದೆರಡು ತಿಂಗಳು ವಾರಕ್ಕೊಂದರಂತೆ ಮೂರು-ನಾಲ್ಕು ನಿಮಿಷದ ಚಿಕ್ಕ ಪಂದ್ಯಗಳು. ಎಲ್ಲವನ್ನೂ ಒಂದೇ ಪಟ್ಟಿನಿಂದ ಗೆಲ್ಲಿಸುತ್ತಾರೆ, ಆ ಪಟ್ಟು ಬಿದ್ದ ಮೇಲೆ ಯಾರೂ ಏಳಬಾರದು. ಆಮೇಲೆ ಮಧ್ಯಮ ಮಟ್ಟದ ಹೆಸರುಳ್ಳ ಒಬ್ಬನ ಜತೆ ಎರಡು-ಮೂರು ತಿಂಗಳ ಜಗಳ ಹೂಡಿ, ತಿಂಗಳ ದೊಡ್ಡ ಕಾರ್ಯಕ್ರಮದಲ್ಲಿ ಸ್ವಂತ ಬಲದಿಂದ ಗೆಲ್ಲಿಸುತ್ತಾರೆ. ಅದಾದ ಮೇಲೆ ಮಾಜಿ ಚಾಂಪಿಯನ್ ಒಬ್ಬನ ಎದುರು ನಿಲ್ಲಿಸುತ್ತಾರೆ. ಇಲ್ಲಿ ಸೋತರೂ ನಷ್ಟವಿಲ್ಲ, ‘ಇನ್ನೊಂದು ಸೆಕೆಂಡ್ ಸಿಕ್ಕಿದ್ದರೆ ಇವನೇ ಗೆಲ್ಲುತ್ತಿದ್ದ’ ಅಂತ ನೋಡುವವರಿಗೆ ಅನಿಸಿದರೆ ಸಾಕು. ಬೆಲ್ಟ್ ಬರುವುದು ಇಷ್ಟೆಲ್ಲ ಆದ ಮೇಲೆ. ಬೇಗ ಮುಗಿಸಿದರೂ ಆರು ತಿಂಗಳು.

ಏಪ್ರಿಲ್ 18ರಿಂದ ಮೇ 21ಕ್ಕೆ 33 ದಿನ, ಅಷ್ಟರಲ್ಲಿ ಉಳಿದದ್ದು ನಾಲ್ಕೇ ಸ್ಮ್ಯಾಕ್‌ಡೌನ್ ಕಂತು. ಅಷ್ಟರಲ್ಲೇ ಬೆಲ್ಟ್ ಕದಿಯುವುದು, ಸಾಮಿ ಜೇನ್ ಮತ್ತು ಎಜೆ ಸ್ಟೈಲ್ಸ್ ಮೇಲೆ ಗೆಲುವು, ಎಲ್ಲವನ್ನೂ ತುರುಕಿದರು. ಆದರೂ ಎರಡು ಕೊರತೆ ಉಳಿದವು. ಒಂದು, ಸೋಲಿನ ದಾಖಲೆ ಹಸಿಯಾಗಿತ್ತು. ಏಪ್ರಿಲ್‌ನಲ್ಲಿ ಸೋತವನು ಮೇ ತಿಂಗಳಲ್ಲಿ ಯಾಕೆ ಗೆಲ್ಲುತ್ತಿದ್ದಾನೆ ಎಂಬುದಕ್ಕೆ ಕಥೆಯೊಳಗೆ ಸಿಗುವ ಉತ್ತರ ಸಿಂಗ್ ಬ್ರದರ್ಸ್ ಒಂದೇ. ಎರಡು, ಆತನ ಮುಗಿಸುವ ಪಟ್ಟಿಗೆ ಚರಿತ್ರೆ ಇರಲಿಲ್ಲ.

ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಹಲ್‌ನ ಪಟ್ಟಿನ ಹೆಸರು ‘ಖಲ್ಲಾಸ್’. ಎದುರಾಳಿಯ ಹಿಂದೆ ನಿಂತು, ಆತನ ಒಂದು ತೋಳನ್ನು ಕತ್ತಿನ ಜತೆ ಸೇರಿಸಿ ಕೋಬ್ರಾ ಕ್ಲಚ್ ಹಾಕಿ, ಹಾಗೇ ಎತ್ತಿ ಬೆನ್ನಿನ ಮೇಲೆ ಕೆಡವುವುದು. ನೋಡಲು ಪರವಾಗಿಲ್ಲ. ಆದರೆ ಪಟ್ಟಿಗೆ ಭಯ ಹುಟ್ಟುವುದು ನೋಟದಿಂದಲ್ಲ, ಲೆಕ್ಕದಿಂದ. ಆರ್ಟನ್‌ನ ಆರ್‌ಕೆಒ ಎಂಬ ಪಟ್ಟು ಹತ್ತು ವರ್ಷಕ್ಕೂ ಮೇಲ್ಪಟ್ಟು ದೊಡ್ಡ ದೊಡ್ಡವರನ್ನು ಮಲಗಿಸಿದೆ. ಆತ ಕೈ ಚಾಚಿದರೆ ಸಾಕು, ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತದೆ. ಖಲ್ಲಾಸ್ ಬಿದ್ದಾಗ ಜನರಿಗೆ ‘ಮುಗಿಯಿತು’ ಅನಿಸಬೇಕಿತ್ತು, ‘ಇಷ್ಟಕ್ಕೇ ಮುಗಿಯಿತೇ’ ಅನಿಸಿತು. ಇಲಿನಾಯ್ಸ್‌ನ ರೋಸ್‌ಮಾಂಟ್‌ನ ಆಲ್‌ಸ್ಟೇಟ್ ಅರೀನಾದಲ್ಲಿ ನಡೆದ ಬ್ಯಾಕ್‌ಲ್ಯಾಶ್‌ನಲ್ಲಿ, ಆರ್ಟನ್ ಸಿಂಗ್ ಸಹೋದರರಿಬ್ಬರಿಗೂ ಒಟ್ಟಿಗೆ ಡಿಡಿಟಿ (ತಲೆ ಹಿಡಿದು ನೆಲಕ್ಕೆ ಕೆಡವುವ ಪಟ್ಟು) ಹಾಕುವುದರಲ್ಲಿ ತೊಡಗಿದ್ದಾಗ ಮಹಲ್ ಹಿಂದಿನಿಂದ ಬಂದು ಖಲ್ಲಾಸ್ ಹಾಕಿದ. ಒಂದು, ಎರಡು, ಮೂರು. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಕಂಡದ್ದು ಬಾಯಿ ತೆರೆದ ಮುಖಗಳು. ಡಬ್ಲ್ಯುಡಬ್ಲ್ಯುಇಯ 50ನೇ ಚಾಂಪಿಯನ್, ಆ ಬೆಲ್ಟ್ ಹಿಡಿದ ಭಾರತೀಯ ಮೂಲದ ಮೊದಲಿಗ. 2007ರಲ್ಲಿ ಖಲಿ ಗೆದ್ದದ್ದು ವರ್ಲ್ಡ್ ಹೆವಿವೇಟ್ ಎಂಬ ಬೇರೆ ಬೆಲ್ಟ್.

ಆ ರಾತ್ರಿಯ ಮಟ್ಟಿಗೆ ಕೆಲಸ ಸೊಗಸಾಗಿಯೇ ಆಗಿತ್ತು. ಬಹಳ ದಿನಗಳ ಮೇಲೆ ಸ್ಮ್ಯಾಕ್‌ಡೌನ್ ಬಗ್ಗೆ ಜನ ಮಾತಾಡಿದರು.

ಐದು ರಕ್ಷಣೆ, ಹೆಚ್ಚುಕಡಿಮೆ ಒಂದೇ ಮುಕ್ತಾಯ

ಅನಿರೀಕ್ಷಿತವಾಗಿ ಗೆದ್ದವನ ಮುಂದಿನ ಮೂರು ಪಂದ್ಯಗಳಿಗೆ ಒಂದೇ ಕೆಲಸ: ಗೆಲುವು ಆಕಸ್ಮಿಕವಲ್ಲ ಎಂದು ತೋರಿಸುವುದು. ಅದಕ್ಕೆ ಕನಿಷ್ಠ ಒಂದು ಸಲವಾದರೂ ಯಾರ ಸಹಾಯವೂ ಇಲ್ಲದೆ ಗೆಲ್ಲಬೇಕು. ಖಳನಾದರೂ ಸರಿ. ಮಹಲ್‌ಗೆ ಸಿಕ್ಕಿದ್ದು ಏನು?

ಜೂನ್ 18, ಸೇಂಟ್ ಲೂಯಿಸ್, ಮನಿ ಇನ್ ದಿ ಬ್ಯಾಂಕ್. ಆರ್ಟನ್‌ನ ಸ್ವಂತ ಊರು, ರಿಂಗ್ ಪಕ್ಕದಲ್ಲಿ ಆತನ ತಂದೆ ಬಾಬ್ ಆರ್ಟನ್. ಪಂದ್ಯದುದ್ದಕ್ಕೂ ಮಹಲ್ ಆರ್ಟನ್‌ನ ಮಂಡಿಯನ್ನೇ ಗುರಿ ಮಾಡಿ ಹೊಡೆದ. ಇದು ಒಳ್ಳೆಯ, ಹಳೇ ಮಾದರಿಯ ಖಳನ ಕೆಲಸ. ಆರ್‌ಕೆಒ ಬಿದ್ದಿತು, ಎಣಿಕೆ ಶುರುವಾಯಿತು, ಸಿಂಗ್ ಸಹೋದರರಲ್ಲಿ ಒಬ್ಬ ಮಹಲ್‌ನ ಕಾಲನ್ನು ಹಗ್ಗದ ಮೇಲಿಟ್ಟ. ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದ. ಹೋಗುತ್ತಾ ಅವರು ಹಿರಿಯ ಆರ್ಟನ್ ಮೇಲೆ ಕೈಮಾಡಿದರು, ಮಗ ಅವರನ್ನು ಬೆನ್ನಟ್ಟಿದ, ವಾಪಸ್ ಬಂದಾಗ ಖಲ್ಲಾಸ್. ಮಂಡಿಗೆ ಹೊಡೆದ ಅಷ್ಟೂ ಶ್ರಮಕ್ಕೂ ಮುಕ್ತಾಯಕ್ಕೂ ಸಂಬಂಧವೇ ಇರಲಿಲ್ಲ. ಅದೇ ಮಂಡಿ ಸೋತು ಆರ್ಟನ್ ಕುಸಿದಿದ್ದರೆ, ಸಿಂಗ್ ಬ್ರದರ್ಸ್ ಅಲ್ಲೇ ಇದ್ದಿದ್ದರೂ, ಗೆಲುವು ಮಹಲ್‌ನದಾಗುತ್ತಿತ್ತು.

ಜುಲೈ 23, ಫಿಲಡೆಲ್ಫಿಯಾ, ಬ್ಯಾಟಲ್‌ಗ್ರೌಂಡ್. ಪಂಜಾಬಿ ಪ್ರಿಸನ್ ಎಂಬ ಬಿದಿರಿನ ಜೋಡಿ ಪಂಜರ. 2006, 2007ರ ನಂತರ ಹತ್ತು ವರ್ಷಕ್ಕೆ ಮೂರನೇ ಸಲ ಇದನ್ನು ಹೊರತೆಗೆದಿದ್ದರು. ಒಳಗಿನದಕ್ಕೆ ನಾಲ್ಕು ಮಗ್ಗುಲು, ಪ್ರತಿ ಮಗ್ಗುಲಿಗೊಂದು ಬಾಗಿಲು. ಕೇಳಿದಾಗ ಒಂದು ಬಾಗಿಲು 60 ಸೆಕೆಂಡ್ ಮಾತ್ರ ತೆರೆಯುತ್ತದೆ, ಮುಚ್ಚಿದರೆ ಮತ್ತೆ ತೆರೆಯದು. ನಾಲ್ಕೂ ಮುಗಿದರೆ ಹತ್ತಿಯೇ ಹೋಗಬೇಕು. ಹೊರಗಿನದಕ್ಕೆ ಎಂಟು ಮಗ್ಗುಲು, ಬಾಗಿಲೇ ಇಲ್ಲ. ಎರಡನ್ನೂ ದಾಟಿ ಮೊದಲು ನೆಲ ಮುಟ್ಟಿದವನಿಗೆ ಗೆಲುವು. ಇದರಲ್ಲಿ ಮೂಲದಲ್ಲೇ ಒಂದು ತೊಡಕಿದೆ. ಪಂಜರ ಕಟ್ಟುವುದು ಹೊರಗಿನವರು ಒಳಬರದಂತೆ. ಅಂದರೆ ಇಲ್ಲಿ ಆರ್ಟನ್ ಗೆಲ್ಲಬೇಕು, ಅಥವಾ ಮಹಲ್ ಒಬ್ಬನೇ ಗೆದ್ದು ತಾನೂ ಗಟ್ಟಿ ಎಂದು ತೋರಿಸಬೇಕು. ನಡೆದದ್ದು ಎರಡೂ ಅಲ್ಲ. ಸಿಂಗ್ ಸಹೋದರರು ರಿಂಗ್ ಕೆಳಗಿನಿಂದ ಹೊರಬಂದರು. ಸಮೀರ್ ಪಂಜರದ ಮೇಲಿನಿಂದ ಕಾಮೆಂಟರಿ ಟೇಬಲ್ ಮೇಲೆ ಬಿದ್ದ. ಆ ರಾತ್ರಿ ಜನ ನೆನಪಿಟ್ಟುಕೊಂಡ ದೃಶ್ಯ ಅದೇ, ಚಾಂಪಿಯನ್ನನದಲ್ಲ. ಆಮೇಲೆ ಗ್ರೇಟ್ ಖಲಿ ನಡೆದುಬಂದು ಬಿದಿರಿನ ಸಂದಿಯಲ್ಲಿ ಕೈ ತೂರಿಸಿ ಆರ್ಟನ್‌ನ ಕತ್ತು ಹಿಸುಕಿದ. ಮಹಲ್ ಇಳಿದು ಗೆದ್ದ.

ಆಗಸ್ಟ್ 15ರಂದು ಬ್ಯಾರನ್ ಕಾರ್ಬಿನ್ ತನ್ನ ಮನಿ ಇನ್ ದಿ ಬ್ಯಾಂಕ್ ಪೆಟ್ಟಿಗೆಯ ಅವಕಾಶ, ಅಂದರೆ ಬೇಕೆಂದಾಗ ಚಾಂಪಿಯನ್‌ಗೆ ಸವಾಲು ಹಾಕುವ ಹಕ್ಕು, ಬಳಸಿಕೊಂಡ. ಜಾನ್ ಸೀನಾ ಕಡೆ ಗಮನ ಹೋಗಿ, ಕ್ಷಣಗಳಲ್ಲೇ ಮಹಲ್‌ನ ರೋಲ್-ಅಪ್‌ಗೆ ಸಿಕ್ಕಿ ಸೋತ. ಕಾರ್ಬಿನ್ ನಗೆಪಾಟಲಾದ, ಮಹಲ್ ಮಾತ್ರ ಇಷ್ಟೂ ಬೆಳೆಯಲಿಲ್ಲ. ಆಗಸ್ಟ್ 20ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಶಿನ್‌ಸುಕೆ ನಾಕಾಮುರಾ ಗೆದ್ದೇಬಿಡುತ್ತಾನೆ ಅನ್ನುವಾಗ ಸಿಂಗ್ ಬ್ರದರ್ಸ್, ಹಿಂದೆಯೇ ಖಲ್ಲಾಸ್. ಅಕ್ಟೋಬರ್ 8ರ ಹೆಲ್ ಇನ್ ಎ ಸೆಲ್‌ನಲ್ಲಿ ರೆಫರಿ ಸಿಂಗ್ ಸಹೋದರರನ್ನು ಹೊರಗೆ ಅಟ್ಟಿದ ಮೇಲೆ ಮಹಲ್ ತಾನಾಗಿ ಗೆದ್ದ. ಜೂನ್‌ನಲ್ಲೇ ಬೇಕಿದ್ದ ಗೆಲುವು ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ, ನೋಡುವವರು ಬೇಸತ್ತು ಆ ಕಡೆ ಮುಖ ಮಾಡಿದ ಮೇಲೆ.

ಪಂದ್ಯಗಳ ಗುಣಮಟ್ಟದ ಬಗ್ಗೆಯೂ ಒಂದು ಮಾತು. ಮಹಲ್ ಸುರಕ್ಷಿತವಾಗಿ, ನಿಧಾನವಾಗಿ ಆಡುವವನು. ಮಂಡಿಯೇಟು, ತುಳಿತ, ದೀರ್ಘವಾದ ಕತ್ತಿನ ಹಿಡಿತ. ಆರ್ಟನ್ ಕೂಡ ನಿಧಾನಿ. ಇಬ್ಬರೂ ಸೇರಿದರೆ ಮಧ್ಯದ ಎಂಟು-ಹತ್ತು ನಿಮಿಷ ಏನೂ ಆಗುವುದಿಲ್ಲ. ನಾಕಾಮುರಾನ ಆಟ ಏಟಿಗೆ ಏಟು ಕೊಡುವ ಜಪಾನಿನ ಶೈಲಿಯದು, ಎದುರಿನವನೂ ಅದೇ ಬಿರುಸಿನಲ್ಲಿ ತಿರುಗಿ ಹೊಡೆದರೇ ಅದು ಬೆಳಗುವುದು. ಆರು ತಿಂಗಳ ಎದುರಾಳಿಗಳಲ್ಲಿ ಮಹಲ್‌ನ ಮಿತಿಯನ್ನು ಮುಚ್ಚಿಕೊಂಡು ಪಂದ್ಯ ಕಟ್ಟಬಲ್ಲವನು ಬಂದದ್ದು ಕಟ್ಟಕಡೆಗೆ, ಎಜೆ ಸ್ಟೈಲ್ಸ್. ಅವನು ಬಂದದ್ದು ಬೆಲ್ಟ್ ಕಿತ್ತುಕೊಳ್ಳಲು.

ಮೋಸದ ಗೆಲುವು ತಪ್ಪಲ್ಲ, ಹಾಗಾದರೆ ತಪ್ಪೇನು?

ಇಲ್ಲಿ ಜೆಬಿಎಲ್‌ನನ್ನು ನೆನೆಯಬೇಕು. ಜಾನ್ ಬ್ರ್ಯಾಡ್‌ಶಾ ಲೇಫೀಲ್ಡ್ ವರ್ಷಗಟ್ಟಲೆ ಎಪಿಎ ಎಂಬ ಜೋಡಿಯಲ್ಲಿ ಬಿಯರ್ ಕುಡಿಯುವ ಜಗಳಗಂಟನ ಪಾತ್ರ ಮಾಡಿದವನು. 2004ರ ಮಾರ್ಚ್‌ನಲ್ಲಿ ಜೋಡಿ ಮುರಿಯಿತು. ಸೂಟು ತೊಡಿಸಿ, ಟೆಕ್ಸಸ್‌ನ ಕೋಟ್ಯಧಿಪತಿ ಮಾಡಿದರು. ಮೂರೇ ತಿಂಗಳಲ್ಲಿ, ಜೂನ್ 27ರಂದು, ಎಡ್ಡಿ ಗೆರೆರೋನಿಂದ ಬೆಲ್ಟ್ ಪಡೆದ. ಅದೂ ಕರ್ಟ್ ಆಂಗಲ್ ವಿಡಿಯೋ ತೋರಿಸಿ ತೀರ್ಪು ತಿರುಗಿಸಿದ್ದರಿಂದ. ಆಗಲೂ ಜನ ಇದೇ ಮಾತಾಡಿದ್ದರು: ಇವನಿಗೇಕೆ? ಮುಂದಿನ 280 ದಿನ ಅವನೂ ಮೋಸದಿಂದಲೇ ಬೆಲ್ಟ್ ಉಳಿಸಿಕೊಂಡ. ಸುತ್ತ ಆಳುಗಳ ಪಡೆಯೇ ಇತ್ತು.

ಜೆಬಿಎಲ್ ಉಳಿದದ್ದಕ್ಕೆ ಕಾರಣ ಎರಡು. ಮೊದಲನೆಯದು, ಪ್ರತಿವಾರ ಹತ್ತು ನಿಮಿಷ ಮೈಕ್ ಹಿಡಿದು ಜನರ ರಕ್ತ ಕುದಿಸಬಲ್ಲ ನಾಲಿಗೆ. ಎರಡನೆಯದು, ಆ 280 ದಿನದ ಮೋಸಕ್ಕೆ ಒಂದು ಕೊನೆಯನ್ನು ಗೊತ್ತುಮಾಡಿಟ್ಟಿದ್ದರು. 2005ರ ಏಪ್ರಿಲ್ 3ರ ರೆಸಲ್‌ಮೇನಿಯಾ 21ರಲ್ಲಿ ಜಾನ್ ಸೀನಾ ಅವನನ್ನು ಸೋಲಿಸಿ ಮೊದಲ ಸಲ ಚಾಂಪಿಯನ್ ಆದ. ಸಿಟ್ಟು ಎಲ್ಲಿ ಕೂಡಿತ್ತೋ ಅಲ್ಲೇ ಒಡೆಯಿತು. ಸೋತ ಜೆಬಿಎಲ್‌ಗೂ ಅದರಿಂದ ಬೆಲೆ ಬಂತು, ಏಕೆಂದರೆ ಒಂದು ದೊಡ್ಡ ರಾತ್ರಿಯ ಅರ್ಧ ಭಾಗ ಅವನದಾಯಿತು.

ಖಳನ ಮೇಲೆ ಜನರಿಗೆ ಬರುವ ಸಿಟ್ಟಿಗೆ ಈ ಕಸುಬಿನಲ್ಲಿ ಹೀಟ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ‘ಇವನು ಸೋಲುವುದನ್ನು ನೋಡಲೇಬೇಕು’ ಎಂದು ಟಿಕೆಟ್ ಕೊಳ್ಳಿಸುವುದು ಒಂದು. ‘ಇವನು ಬಂದರೆ ಚಾನೆಲ್ ಬದಲಿಸು’ ಎನ್ನಿಸುವುದು ಇನ್ನೊಂದು. ಮೊದಲನೆಯದು ಎರಡನೆಯದಾಗಿ ತಿರುಗಲು ಹೆಚ್ಚು ದಿನ ಬೇಕಿಲ್ಲ. ಒಂದೇ ಮುಕ್ತಾಯವನ್ನು ಮೂರು ಸಲ ತೋರಿಸಿ, ಕೊನೆಗೂ ಪೆಟ್ಟು ತಿಂದ ನಾಯಕನಿಗೆ ಸೇಡು ತೀರಿಸಿಕೊಳ್ಳಲು ಬಿಡದಿದ್ದರೆ ಸಾಕು. ಆರ್ಟನ್ ಮೂರು ಸಲ ಸೋತು ಪಕ್ಕಕ್ಕೆ ಸರಿದ, ನಾಕಾಮುರಾ ಎರಡು ಸಲ. ಬೆಲ್ಟಿನ ವಿಷಯದಲ್ಲಿ ಇಬ್ಬರ ಸೇಡೂ ತೀರಲೇ ಇಲ್ಲ. ಐದು ತಿಂಗಳು ಕೂಡಿಟ್ಟ ಸಿಟ್ಟು ಯಾರ ಕೈಗೂ ಸಿಗದೆ ಆರಿಹೋಯಿತು.

ಸೆಪ್ಟೆಂಬರ್‌ನ ಭಾಷಣಗಳು ಅದಕ್ಕೆ ಇನ್ನಷ್ಟು ತಣ್ಣೀರೆರಚಿದವು. ನಾಕಾಮುರಾನ ಮುಖಭಾವಗಳ ಚಿತ್ರಗಳನ್ನು ಪರದೆ ಮೇಲೆ ಹಾಕಿ, ಜಪಾನೀಯರ ಬಗ್ಗೆ ಹಳಸಲು ಜೋಕುಗಳನ್ನು ಮಹಲ್ ಬಾಯಲ್ಲಿ ಹೇಳಿಸಿದರು. ‘ಇದು ಅತಿಯಾಯಿತು’ ಎಂಬರ್ಥದ ಕೂಗು ಕ್ರೀಡಾಂಗಣದಲ್ಲೇ ಎದ್ದಿತು. ಆ ಕೂಗು ಪಾತ್ರದ ಮೇಲಿನ ಸಿಟ್ಟಲ್ಲ, ಬರೆದವರ ಮೇಲಿನದು. ಪಾತ್ರದ ತರ್ಕವೂ ಅಲ್ಲೇ ಮುರಿದುಬಿತ್ತು. ಮೇ ತಿಂಗಳಿಂದ ಆತ ಹೇಳುತ್ತ ಬಂದದ್ದು, ‘ನಾನು ನಿಮ್ಮ ಹಾಗೆ ಕಾಣುವುದಿಲ್ಲ, ಅದಕ್ಕೇ ನನ್ನನ್ನು ದ್ವೇಷಿಸುತ್ತೀರಿ’ ಎಂದು. ಅದೇ ಬಾಯಲ್ಲಿ ಇನ್ನೊಬ್ಬನ ರೂಪದ ಗೇಲಿ ಬಂದರೆ ಆ ಮಾತಿನ ಬುಡವೇ ಹೋಯಿತು.

ಭಾರತದ ಲೆಕ್ಕ

ಕಂಪನಿ ಆಗ ಭಾರತದತ್ತ ಕಣ್ಣಿಟ್ಟಿತ್ತು ಎಂಬುದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ಅಕ್ಟೋಬರ್‌ನಲ್ಲಿ ಮಹಲ್‌ನನ್ನೇ ಬೆಲ್ಟ್ ಸಮೇತ ಇಲ್ಲಿಗೆ ಕಳಿಸಿದರು. ಹರಿಯಾಣದ ಕವಿತಾ ದೇವಿ ಕಂಪನಿ ಸೇರುವ ಸುದ್ದಿಯನ್ನು ದೆಹಲಿಯಲ್ಲಿ ಪ್ರಕಟಿಸಿದವನು ಅವನೇ. ಡಿಸೆಂಬರ್‌ಗೆ ದೆಹಲಿಯಲ್ಲಿ ಎರಡು ದಿನದ ಪ್ರದರ್ಶನವೂ ಗೊತ್ತಾಗಿತ್ತು.

ಆದರೆ ಪಾತ್ರ ಎರಡು ಕಡೆ ಎಳೆಯುತ್ತಿತ್ತು. ಅಮೆರಿಕದಲ್ಲಿ ಆತ ಖಳ, ಮತ್ತು ಅವನ ಖಳತನದ ಬಂಡವಾಳವೇ ಭಾರತೀಯತೆ: ಪೇಟ, ಪಂಜಾಬಿ ಮಾತು, ಭಾಂಗ್ರಾ. ಇಲ್ಲಿ ಮಾರಬೇಕಾದದ್ದು ನಾಯಕನನ್ನು. ಎತ್ತು ಏರಿಗೆ, ಕೋಣ ನೀರಿಗೆ. ಇಲ್ಲಿಯ ನೋಡುಗನಿಗೆ ಕಂಡದ್ದು ಪ್ರತಿ ತಿಂಗಳೂ ಇಬ್ಬರು ಚೇಲಾಗಳನ್ನು ಮುಂದೆ ಬಿಟ್ಟು ಬೆನ್ನಹಿಂದಿನಿಂದ ಹೊಡೆಯುವ ‘ನಮ್ಮವನು’. ಹೆಮ್ಮೆ ಪಡುವುದಾದರೂ ಹೇಗೆ? ಜತೆಗೆ ಕ್ಯಾಲ್ಗರಿಯಲ್ಲಿ ಬೆಳೆದವನ ಪಂಜಾಬಿ ಭಾಷಣ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಟಿವಿ ಮುಂದೆ ಕೂತ ಹುಡುಗನಿಗೆ ಇಂಗ್ಲಿಷಿಗಿಂತ ಹತ್ತಿರವೇನೂ ಅಲ್ಲ. ಇಡೀ ದೇಶವನ್ನು ಒಂದು ಪೇಟದಲ್ಲಿ ಸುತ್ತಿಬಿಡಬಹುದು ಎಂದುಕೊಂಡವರ ಲೆಕ್ಕ ಅದು.

ಹಾಗಿದ್ದರೂ ದಾರಿ ಇತ್ತು. ಎರಡು ದಾರಿ. ಒಂದು, ಆಗಸ್ಟ್ 20ರಂದು ಬ್ರೂಕ್ಲಿನ್‌ನಲ್ಲಿ, 91ನೇ ದಿನ, ನಾಕಾಮುರಾನ ಕೈಯಲ್ಲಿ ಸೋಲಿಸುವುದು. ಸಿಟ್ಟು ಬಿಸಿಯಾಗಿದ್ದಾಗಲೇ ನಾಯಕನಿಗೆ ದೊಡ್ಡ ಗೆಲುವು ಸಿಗುತ್ತಿತ್ತು, ಮಹಲ್‌ಗೆ ಮಾಜಿ ಚಾಂಪಿಯನ್ ಎಂಬ ಹೆಸರು ಮತ್ತು ಸಿಂಗ್ ಬ್ರದರ್ಸ್ ಜತೆ ಮುರಿದುಕೊಂಡು ಒಂಟಿಯಾಗಿ ನಿಲ್ಲುವ ಹೊಸ ಕಥೆ. ಇನ್ನೊಂದು, ಡಿಸೆಂಬರ್‌ವರೆಗೆ ಬೆಲ್ಟ್ ಉಳಿಸಿ ದೆಹಲಿಯಲ್ಲಿ ಒಂದು ರಾತ್ರಿ ನಾಯಕನಾಗಿ ಬೆಲ್ಟ್ ರಕ್ಷಿಸಲು ಬಿಡುವುದು. ಮೊದಲನೆಯದು ಪಾತ್ರವನ್ನು ಉಳಿಸುತ್ತಿತ್ತು, ಎರಡನೆಯದು ಮಾರುಕಟ್ಟೆಯ ಉದ್ದೇಶವನ್ನು.

ಎರಡನ್ನೂ ಬಿಟ್ಟರು. ನವೆಂಬರ್ 19ರ ಸರ್ವೈವರ್ ಸೀರೀಸ್‌ಗೆ ರಾ ಚಾಂಪಿಯನ್ ಬ್ರಾಕ್ ಲೆಸ್ನರ್ ಎದುರು ಸ್ಮ್ಯಾಕ್‌ಡೌನ್ ಚಾಂಪಿಯನ್ ಮಹಲ್ ಎಂದು ಘೋಷಣೆಯಾಗಿತ್ತು. ಸವಾಲು ಹಾಕಿದವನೂ ಮಹಲ್ಲೇ. ಆ ಕಾರ್ಯಕ್ರಮಕ್ಕೆ 12 ದಿನ ಇರುವಾಗ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಡೆದ ಒಂದು ಮಾಮೂಲಿ ಮಂಗಳವಾರದ ಸ್ಮ್ಯಾಕ್‌ಡೌನ್‌ನಲ್ಲಿ ಎಜೆ ಸ್ಟೈಲ್ಸ್ ಬೆಲ್ಟ್ ಗೆದ್ದ. ಕ್ರೀಡಾಂಗಣ ಸಿಡಿದೆದ್ದದ್ದು ನಿಜ. ಸ್ಟೈಲ್ಸ್–ಲೆಸ್ನರ್ ಪಂದ್ಯವೂ ಚೆನ್ನಾಗಿತ್ತು. ಕಾರ್ಯಕ್ರಮದ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೆ ಮಹಲ್ ಮಟ್ಟಿಗೆ ಅದರ ಅರ್ಥ ಒಂದೇ: ‘ಇವನನ್ನು ದೊಡ್ಡ ಪಂದ್ಯಕ್ಕೆ ನಂಬಲಾಗದು’ ಎಂದು ಕಂಪನಿಯೇ ಎಲ್ಲರೆದುರು ಒಪ್ಪಿಕೊಂಡಿತು. ಆ ಮಾತನ್ನು ನೋಡುಗರು ಹೇಳಿದರೆ ತಿದ್ದಬಹುದು. ಬರೆಯುವವರೇ ಹೇಳಿದ ಮೇಲೆ ತಿದ್ದುವವರು ಯಾರು?

ಮ್ಯಾಂಚೆಸ್ಟರ್ ಆದ 32 ದಿನಕ್ಕೆ, ಡಿಸೆಂಬರ್ 9ರಂದು, ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣ. ಎರಡು ದಿನದ ಪ್ರದರ್ಶನ ಒಂದಕ್ಕೆ ಇಳಿದಿತ್ತು. ಮುಖ್ಯ ಪಂದ್ಯದಲ್ಲಿ ಮಹಲ್ ಎದುರು ಟ್ರಿಪಲ್ ಎಚ್, ಗೆದ್ದವನು ಟ್ರಿಪಲ್ ಎಚ್. ಆಮೇಲೆ ಟ್ರಿಪಲ್ ಎಚ್ ಸಿಂಗ್ ಸಹೋದರರ ಜತೆ ಭಾಂಗ್ರಾ ಕುಣಿದ. ಇಡೀ ಪುಶ್‌ಗೆ ಭಾರತ ಕಾರಣವಾಗಿದ್ದರೆ, ಅದರ ಫಲ ಕೊಯ್ಯಬೇಕಾದ ಒಂದೇ ರಾತ್ರಿಯಲ್ಲಿ ಮಹಲ್ ಬೆಲ್ಟೂ ಇಲ್ಲದೆ, ಗೆಲುವೂ ಇಲ್ಲದೆ ನಿಂತ. ಡಿಸೆಂಬರ್ 17ರಂದು ಬಾಸ್ಟನ್‌ನಲ್ಲಿ ಸ್ಟೈಲ್ಸ್ ಜತೆ ಮರುಪಂದ್ಯ. ಕಾಲಿನ ಹಿಡಿತಕ್ಕೆ ಸಿಕ್ಕು ನೆಲ ತಟ್ಟಿ ಸೋತ. ಪಿನ್ ಆದರೆ ಒಂದು ಕ್ಷಣದ ಸೋಲು. ನೆಲ ತಟ್ಟಿದವನು ತಾನಾಗಿ ಸೋಲೊಪ್ಪಿದಂತೆ. ಮರಳಿ ಬರಬೇಕಾದ ಖಳನನ್ನು ಹೀಗೆ ಸೋಲಿಸುವ ರೂಢಿ ಕಡಿಮೆ.

ಬೆಲ್ಟ್ ಹೋದ ಮೇಲೆ

2018ರ ಏಪ್ರಿಲ್ 8ರ ರೆಸಲ್‌ಮೇನಿಯಾ 34ರಲ್ಲಿ ನಾಲ್ವರ ಪಂದ್ಯದಲ್ಲಿ ರುಸೆವ್‌ನನ್ನು ಪಿನ್ ಮಾಡಿ ಮಹಲ್ ಯುನೈಟೆಡ್ ಸ್ಟೇಟ್ಸ್ ಚಾಂಪಿಯನ್ ಆದ. ಆ ದಿನಗಳಲ್ಲಿ ಕೇಕೆ ಪೂರ್ತಿ ರುಸೆವ್ ಕಡೆಗಿತ್ತು, ಹಾಗಾಗಿ ಮತ್ತೆ ತಪ್ಪು ಮನುಷ್ಯ ಗೆದ್ದಂತಾಯಿತು. ಎಂಟು ದಿನ ಕಳೆದು, ರಾಗೆ ವರ್ಗವಾದ ಮೊದಲ ರಾತ್ರಿಯೇ ಜೆಫ್ ಹಾರ್ಡಿಗೆ ಬೆಲ್ಟ್ ಒಪ್ಪಿಸಿದ. ಜೂನ್ 17ರಂದು ರೋಮನ್ ರೇನ್ಸ್ ಜತೆ ಪಂದ್ಯ, ಮತ್ತೆ ಅದೇ ಆಲ್‌ಸ್ಟೇಟ್ ಅರೀನಾದಲ್ಲಿ. ಈ ಸಲ ಜನ ಬೈಯಲೂ ಇಲ್ಲ. ಆಗಲೇ ಕಂಪನಿ ಬಿಟ್ಟುಹೋಗಿದ್ದ ಸಿಎಂ ಪಂಕ್ ಹೆಸರು ಕೂಗಿದರು, ಬೀಚ್ ಬಾಲ್ ಆಡಿದರು. 13 ತಿಂಗಳ ಹಿಂದೆ ಬಾಯಿ ತೆರೆದು ಕೂತಿದ್ದ ಊರು ಅದು. ಮುಂದೆ ಧ್ಯಾನ ಮಾಡುತ್ತ ‘ಶಾಂತಿ’ ಎನ್ನುವ ಹಾಸ್ಯದ ಪಾತ್ರ. 2019ರ ಜೂನ್‌ನಲ್ಲಿ ಮಂಡಿಯ ಗಾಯ, 2020ರಲ್ಲಿ ಬಂದವನು ಮತ್ತೆ ಶಸ್ತ್ರಚಿಕಿತ್ಸೆಗೆ. ಗಾಯ ಎರಡು ವರ್ಷ ತಿಂದಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು, ಆದರೆ ನಿಂತುಹೋದದ್ದು ಅದಕ್ಕೂ ಮೊದಲೇ.

ಈಗ 2014ರ ಜೂನ್ 12ಕ್ಕೆ ಬರೋಣ. ಅದೇ ದಿನ ಹೊರಬಿದ್ದ ಡ್ರೂ ಮ್ಯಾಕಿಂಟೈರ್ ಕಂಪನಿಯ ಹೊರಗೆ ಮೂರು ವರ್ಷ ಚಿಕ್ಕ ಸಭಾಂಗಣಗಳಲ್ಲಿ ಮುಖ್ಯ ಪಂದ್ಯಗಳನ್ನಾಡಿದ, ಇನ್ನೊಂದು ಕುಸ್ತಿ ಕಂಪನಿ ಟಿಎನ್‌ಎಯಲ್ಲಿ ವಿಶ್ವ ಚಾಂಪಿಯನ್ ಆದ. 2017ರ ಏಪ್ರಿಲ್‌ನಲ್ಲಿ ಮರಳಿ ಬಂದಾಗ ಅವನಿಗೂ ನೇರ ಮೇಲಿನ ಕುರ್ಚಿ ಕೊಡಬಹುದಿತ್ತು. ಎನ್‌ಎಕ್ಸ್‌ಟಿಗೆ ಕಳಿಸಿದರು. ಆಗಸ್ಟ್‌ನಲ್ಲಿ ಅಲ್ಲಿನ ಚಾಂಪಿಯನ್ ಆದ, ನವೆಂಬರ್‌ನಲ್ಲಿ ಸೋತು ಗಾಯಗೊಂಡ. 2018ರ ಏಪ್ರಿಲ್‌ನಲ್ಲಿ ಜಿಗ್ಲರ್‌ನ ಜತೆಗಾರನಾಗಿ ರಾಗೆ ಬಂದ. 2020ರ ಜನವರಿಯಲ್ಲಿ ರಾಯಲ್ ರಂಬಲ್ ಎಂಬ ದೊಡ್ಡ ಗುಂಪು ಪಂದ್ಯದಲ್ಲಿ ಗೆಲುವು, ಏಪ್ರಿಲ್ 5ರ ರೆಸಲ್‌ಮೇನಿಯಾದಲ್ಲಿ ಲೆಸ್ನರ್‌ನಿಂದ ಬೆಲ್ಟ್. ಮರಳಿದ ಮೇಲೆ ಮೂರು ವರ್ಷ, ಒಂದೂ ಮೆಟ್ಟಿಲು ಬಿಡದೆ. ಮಹಲ್‌ಗೆ 40 ದಿನದಲ್ಲಿ ಸಿಕ್ಕಿದ್ದು ಇವನಿಗೆ ಮೂರು ವರ್ಷಕ್ಕೆ ಸಿಕ್ಕಿತು. 2021ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಇಬ್ಬರೂ ಎದುರಾದಾಗ ಮ್ಯಾಕಿಂಟೈರ್ ಐದು ನಿಮಿಷದೊಳಗೆ ಮುಗಿಸಿದ. ಒಂದೇ ತಂಡದಿಂದ, ಒಂದೇ ದಿನ ಹೊರಬಿದ್ದವರು ಎಂಬುದರಿಂದ ಈ ಹೋಲಿಕೆಗೆ ತೂಕವಿದೆ. ಮ್ಯಾಕಿಂಟೈರ್ ಹೆಚ್ಚು ಪ್ರತಿಭಾವಂತ ಎಂದು ವಾದಿಸಬಹುದು, ಸರಿಯೇ. ಆದರೆ 3ಎಂಬಿಯಲ್ಲಿ ಆ ಪ್ರತಿಭೆ ಯಾರಿಗೂ ಕಂಡಿರಲಿಲ್ಲ.

2024ರ ಜನವರಿಯಲ್ಲಿ ಹಳೆಯ ಚಾಳಿ ಮತ್ತೆ ಕಾಣಿಸಿತು. ಜನವರಿ 1ರ ರಾದಲ್ಲಿ ಮೈಕ್ ಹಿಡಿದು ಭಾಷಣ ಮಾಡುತ್ತಿದ್ದ ಮಹಲ್‌ಗೆ ದಿ ರಾಕ್ ಬಂದು ಬಾರಿಸಿ ಹೋದ. ಎರಡು ವಾರಕ್ಕೆ, ಜನವರಿ 15ರಂದು, ಸೆತ್ ರೋಲಿನ್ಸ್ ಜತೆ ವರ್ಲ್ಡ್ ಹೆವಿವೇಟ್ ಬೆಲ್ಟ್‌ಗಾಗಿ ಪಂದ್ಯ. ಅದಕ್ಕೂ ಹಿಂದಿನ ವರ್ಷದಲ್ಲಿ ಲೆಕ್ಕಕ್ಕಿಡುವ ಗೆಲುವಿರಲಿಲ್ಲ. ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯುವಿನ ಮುಖ್ಯಸ್ಥ ಟೋನಿ ಖಾನ್ ಇದನ್ನೇ ಎತ್ತಿ ಸಾಮಾಜಿಕ ಜಾಲತಾಣದಲ್ಲಿ ಜಗಳ ತೆಗೆದ. ಆ ಜಗಳದಿಂದ ಮಹಲ್ ಹೆಸರು ಒಂದು ವಾರ ಎಲ್ಲರ ಬಾಯಲ್ಲಿತ್ತು. ಪಂದ್ಯವೂ ಚೆನ್ನಾಗಿಯೇ ಆಯಿತು, ರೋಲಿನ್ಸ್ ಮಂಡಿಗೆ ಪೆಟ್ಟು ಮಾಡಿಕೊಂಡೂ ಗೆದ್ದ. ಮರುವಾರಕ್ಕೆ ಮಹಲ್‌ಗೆಂದು ಕಥೆ ಇರಲಿಲ್ಲ. ಏಪ್ರಿಲ್ 19ರಂದು ವೀರ್ ಮತ್ತು ಸಾಂಗಾ ಜತೆಗೆ ಆತನನ್ನೂ ಕಂಪನಿ ಬಿಟ್ಟುಕೊಟ್ಟಿತು. ಆ ಮೇಲಿನ ಸ್ವತಂತ್ರ ಪ್ರದರ್ಶನಗಳಲ್ಲಿ ಆತ ರಾಜ್ ಧೇಸಿ.